ಚಾರ್ಟ್‌ನ ನೀಲಿ ಗೆರೆ ಎಲ್ಲಿ ನಿಂತಿದೆ ನೋಡಿ

ಮಾನ್ಯರೇ,

ಕಳೆದ ವಾರ ನಿಮ್ಮ ಕಂಪ್ಯೂಟರ್ ಅಂಕಣದಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಎಕ್ಸೆಲ್ ಶೀಟ್‌ನಲ್ಲಿ ಹೊಸ ಅಂಕಿ ತುಂಬಿದರೂ ಚಾರ್ಟ್ ಹಳೆಯದನ್ನೇ ತೋರಿಸುತ್ತಿದೆ, ಏನು ಮಾಡಲಿ ಅಂತ. ಬಂದ ಉತ್ತರ ಒಂದೇ ಸಾಲು. ಫೈಲ್ ಮುಚ್ಚಿ ಮತ್ತೆ ತೆರೆಯಿರಿ, ಆಗಲೂ ಆಗದಿದ್ದರೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಅದನ್ನು ಓದಿ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಜಾಗ ಕೊಡಿ.

ನಾನು 16 ವರ್ಷದಿಂದ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ ಶೀಟ್‌ಗಳೇ ನನ್ನ ಕಣ್ಣ ಮುಂದೆ. ಹೊಸದಾಗಿ ಸೇರಿದವರು ವಾರಕ್ಕೆ ಒಮ್ಮೆಯಾದರೂ ನನ್ನ ಮೇಜಿನ ಹತ್ತಿರ ಬಂದು "ಮೇಡಂ, ಚಾರ್ಟ್ ಅಪ್‌ಡೇಟ್ ಆಗ್ತಿಲ್ಲ" ಅನ್ನುತ್ತಾರೆ. ಇಷ್ಟು ವರ್ಷದಲ್ಲಿ ಫೈಲ್ ಮುಚ್ಚಿ ತೆರೆದಿದ್ದರಿಂದ ಸರಿಹೋದದ್ದನ್ನು ನಾನು ನೋಡಿದ್ದು ತೀರಾ ಕಡಿಮೆ. ಹತ್ತು ಸಲ ತೆರೆದರೂ ಚಾರ್ಟ್ ಅದೇ ಗೆರೆ ಎಳೆಯುತ್ತದೆ. ಯಾಕೆಂದರೆ ಹೆಚ್ಚಿನ ಸಲ ಅದು ಕೆಟ್ಟಿರುವುದೇ ಇಲ್ಲ. ನಾವು ಯಾವತ್ತೋ ಹೇಳಿದ ಮಾತನ್ನು ಇವತ್ತಿಗೂ ಪಾಲಿಸುತ್ತಾ ಕೂತಿರುತ್ತದೆ, ಅಷ್ಟೇ.

ಇದು ಬರೀ ಆಫೀಸಿನ ತಾಪತ್ರಯ ಅಂತ ನಾನೂ ಅಂದುಕೊಂಡಿದ್ದೆ. ನಮ್ಮ ಮನೆಯಲ್ಲೇ ಒಂದು ಸಲ ಆಯಿತು ನೋಡಿ, ಆಗ ಗೊತ್ತಾಯಿತು ಇದರ ತೂಕ.

ನಮ್ಮ ಅಪ್ಪನಿಗೆ ಬಿಪಿ ಇದೆ. ದಿನಾ ಬೆಳಗ್ಗೆ ತೋಳಿಗೆ ಪಟ್ಟಿ ಸುತ್ತಿಕೊಂಡು ಯಂತ್ರದಲ್ಲಿ ನೋಡಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಾರೆ. ಭಾನುವಾರ ನಾನು ಅದನ್ನು ಶೀಟ್‌ಗೆ ಹಾಕುತ್ತೇನೆ. ಮೊದಲ ಕಾಲಮ್‌ನಲ್ಲಿ ತಾರೀಕು, ಎರಡನೆಯದರಲ್ಲಿ ಮೇಲಿನ ಅಂಕಿ, ಮೂರನೆಯದರಲ್ಲಿ ಕೆಳಗಿನ ಅಂಕಿ. ಚಾರ್ಟ್ ಮಾಡಿದಾಗ 30 ದಿನದ ದಾಖಲೆ ಇತ್ತು. ಅಂದರೆ ಎರಡನೇ ಸಾಲಿನಿಂದ 31ನೇ ಸಾಲಿನವರೆಗೆ. ಡಾಕ್ಟರ್ ಹತ್ತಿರ ಹೋಗುವ ದಿನ ಪ್ರಿಂಟ್ ತೆಗೆದುಕೊಂಡು ಹೋದೆವು. ಅಷ್ಟು ಹೊತ್ತಿಗೆ ಶೀಟ್‌ನಲ್ಲಿ 44 ದಿನದ ಅಂಕಿ ಇತ್ತು. ಚಾರ್ಟ್‌ನಲ್ಲಿ ಮಾತ್ರ 30.

ಆ ಮೊದಲ 30 ದಿನದಲ್ಲಿ ಮೇಲಿನ ಅಂಕಿ 128ರಿಂದ 136ರ ನಡುವೆ ಓಡಾಡಿತ್ತು. ಆಮೇಲೆ ಮಾತ್ರೆಯ ಪ್ರಮಾಣ ಕಡಿಮೆ ಮಾಡಿದ್ದರು. ಅದಾದ ಮೇಲೆ 144, 149, 153, 151, 158. ಏರಿದ್ದೆಲ್ಲ ಆ ಕೊನೆಯ 14 ದಿನದಲ್ಲೇ. ಚಾರ್ಟ್‌ಗೆ ಅದರ ಸುಳಿವೇ ಇಲ್ಲ. ಡಾಕ್ಟರ್ ಹಾಳೆ ನೋಡಿ, "ಚೆನ್ನಾಗಿದೆ, ಇದನ್ನೇ ಮುಂದುವರಿಸಿ" ಅಂದರು. ಅವರ ತಪ್ಪಿಲ್ಲ. ಅವರ ಕೈಗೆ ನಾನು ಕೊಟ್ಟ ಚಿತ್ರ ನೆಟ್ಟಗೆ, ಅಚ್ಚುಕಟ್ಟಾಗಿ, ಪೂರ್ತಿ ಇದ್ದ ಹಾಗೇ ಕಾಣುತ್ತಿತ್ತು.

ಮನೆಗೆ ಬಂದ ಮೇಲೆ ಅಪ್ಪ ಕನ್ನಡಕ ಹಾಕಿಕೊಂಡು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ನಿನ್ನೆ 158 ಬಂದಿತ್ತಲ್ವಾ? ಈ ಗೆರೆಯಲ್ಲಿ 158 ಎಲ್ಲಿದೆ?"

ನನ್ನ ಎದೆ ಧಸಕ್ಕೆಂದಿತು. ನೋಟ್‌ಬುಕ್ ತೆಗೆದು ಒಂದೊಂದೇ ಸಾಲು ಹೋಲಿಸಿದೆ. ಮಾರನೇ ದಿನವೇ ಮತ್ತೆ ಹೋಗಿ ತೋರಿಸಿದೆವು, ಮಾತ್ರೆ ಮೊದಲಿನ ಪ್ರಮಾಣಕ್ಕೆ ಬಂತು. ಅಪ್ಪನಿಗೆ ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ದಿನವಿಡೀ ಬೇರೆಯವರ ಚಾರ್ಟ್ ಸರಿಮಾಡುವ ನಾನು, ಅಪ್ಪನ ಚಾರ್ಟ್‌ನ ಕೊನೆಯ ತಾರೀಕು ಯಾವುದು ಅಂತ ಕಣ್ಣೆತ್ತಿ ನೋಡಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಚಾರ್ಟ್ ಮಾಡುವಾಗ ನಾವು ಒಂದು ರೇಂಜ್ ಆರಿಸುತ್ತೇವೆ, ಅಂದರೆ ಶೀಟ್‌ನ ಯಾವ ಸೆಲ್‌ನಿಂದ (ಅಂಕಿ ಬರೆಯುವ ಚೌಕ) ಯಾವ ಸೆಲ್‌ವರೆಗೆ ಅಂತ. ಚಾರ್ಟ್ ಆ ರೇಂಜ್‌ನ ವಿಳಾಸವನ್ನು ಬರೆದಿಟ್ಟುಕೊಳ್ಳುತ್ತದೆ. ಎಕ್ಸೆಲ್‌ನಲ್ಲಿ ಚಾರ್ಟ್‌ನ ಗೆರೆಯ ಮೇಲೆ ಒಂದು ಕ್ಲಿಕ್ ಮಾಡಿ, ಮೇಲಿನ ಫಾರ್ಮುಲಾ ಪಟ್ಟಿ ನೋಡಿ. ಸೀರೀಸ್ ಅಂತ ಶುರುವಾಗುವ ಒಂದು ಸೂತ್ರ ಕಾಣುತ್ತದೆ. ಅದರೊಳಗೆ ಡಾಲರ್ ಗುರುತಿನ ಜೊತೆ ಸೆಲ್‌ಗಳ ವಿಳಾಸ ಇರುತ್ತದೆ. ನನ್ನ ಚಾರ್ಟ್‌ನಲ್ಲಿ ಅದು ಬಿ2ರಿಂದ ಬಿ31 ಅಂತ ಇತ್ತು. 32ನೇ ಸಾಲಿನಲ್ಲಿ ನೀವು ಏನೇ ಬರೆಯಿರಿ, ಅದು ಆ ವಿಳಾಸದ ಆಚೆಗಿನ ಮನೆ. ಚಾರ್ಟ್ ಅಲ್ಲಿಗೆ ಹೋಗುವುದೇ ಇಲ್ಲ.

ಸೂತ್ರ ಓದುವುದು ಕಷ್ಟ ಅನ್ನಿಸಿದರೆ ಇನ್ನೂ ಸುಲಭದ ದಾರಿ ಇದೆ. ಚಾರ್ಟ್ ಮೇಲೆ ಕ್ಲಿಕ್ ಮಾಡಿದ ಕೂಡಲೇ ಶೀಟ್‌ನಲ್ಲಿ ಅದರ ಅಂಕಿಗಳ ಸುತ್ತ ಬಣ್ಣದ ಚೌಕಟ್ಟು ಮೂಡುತ್ತದೆ. ಇತ್ತೀಚಿನ ಎಕ್ಸೆಲ್‌ನಲ್ಲಿ ಅಂಕಿಗಳಿಗೆ ನೀಲಿ, ತಾರೀಕು ಅಥವಾ ಹೆಸರುಗಳಿಗೆ ನೇರಳೆ, ತಲೆಬರಹಕ್ಕೆ ಕೆಂಪು. ಆ ನೀಲಿ ಗೆರೆ ಎಲ್ಲಿ ನಿಲ್ಲುತ್ತದೋ ಚಾರ್ಟ್ ಅಲ್ಲೇ ನಿಲ್ಲುತ್ತದೆ. ಅದರ ಮೂಲೆಯಲ್ಲಿ ಚಿಕ್ಕ ಚುಕ್ಕಿ ಇರುತ್ತದೆ. ಅದನ್ನು ಮೌಸ್‌ನಲ್ಲಿ ಹಿಡಿದು ಕೆಳಗೆ ಎಳೆದರೆ ಸಾಕು, ಹೊಸ ಸಾಲುಗಳು ಚಾರ್ಟ್‌ಗೆ ಬಂದುಬಿಡುತ್ತವೆ. ನಾನು ಹೊಸಬರಿಗೆ ಮೊದಲು ತೋರಿಸುವುದು ಇದನ್ನೇ. ಅವರ ಮುಖ ಅರಳುವುದನ್ನು ನೋಡಬೇಕು.

ಇಲ್ಲೊಂದು ಗೊಂದಲ ಇದೆ, ಅದನ್ನು ಬಿಡಿಸಿ ಹೇಳಲೇಬೇಕು. "ಹೋದ ತಿಂಗಳು ತಾನಾಗೇ ಬಂತಲ್ಲ, ಈಗ ಯಾಕೆ ಬರಲ್ಲ?" ಅಂತ ಕೆಲವರು ಕೇಳುತ್ತಾರೆ. ಅವರು ಹೇಳುವುದೂ ನಿಜವೇ. ರೇಂಜ್‌ನ ನಡುವೆ ಹೊಸ ಸಾಲು ಸೇರಿಸಿದರೆ ರೇಂಜ್ ಹಿಗ್ಗುತ್ತದೆ, ಚಾರ್ಟ್ ಅದನ್ನು ತೆಗೆದುಕೊಳ್ಳುತ್ತದೆ. ಕೊನೆಯ ಸಾಲಿನ ಕೆಳಗೆ ಬರೆದರೆ ಹಿಗ್ಗುವುದಿಲ್ಲ. ಹೋದ ತಿಂಗಳು ಅವರು ನಡುವೆ ಸೇರಿಸಿರುತ್ತಾರೆ, ಈ ತಿಂಗಳು ಕೆಳಗೆ ಬರೆದಿರುತ್ತಾರೆ. ಎರಡೂ ಒಂದೇ ಕೆಲಸ ಅಂತ ನಮಗೆ ಅನ್ನಿಸುತ್ತದೆ, ಶೀಟ್‌ಗೆ ಹಾಗಲ್ಲ.

ದಿನಾ ಸಾಲು ಸೇರುವ ಶೀಟ್ ಆದರೆ ಪ್ರತಿ ಸಲ ಎಳೆಯುತ್ತಾ ಕೂರಬೇಡಿ. ಅಂಕಿಗಳ ಮೇಲೆ ನಿಂತು ಕಂಟ್ರೋಲ್ ಜೊತೆ ಟಿ ಒತ್ತಿ. ಅದು ಟೇಬಲ್ ಆಗುತ್ತದೆ. ಟೇಬಲ್‌ನ ಕೆಳಗೇ ಮುಂದಿನ ಸಾಲು ಬರೆದರೆ ಟೇಬಲ್ ತಾನೇ ಬೆಳೆಯುತ್ತದೆ, ಅದರ ಪೂರ್ತಿ ಕಾಲಮ್ ಮೇಲೆ ನಿಂತ ಚಾರ್ಟ್ ಕೂಡ ಜೊತೆಗೇ ಬೆಳೆಯುತ್ತದೆ. ಎಕ್ಸೆಲ್ 2007ರಿಂದಲೇ ಈ ಟೇಬಲ್ ಇದೆ. ಇಷ್ಟು ವರ್ಷ ಆದರೂ ಬಹಳ ಜನಕ್ಕೆ ಅದು ಬಣ್ಣ ಬಳಿಯುವ ಸೌಕರ್ಯ ಅಂತಲೇ ಗೊತ್ತು. ನನಗೆ ಇದು ನಿಜವಾಗಲೂ ಬೇಜಾರು. ಈ ಎರಡು ಕೀಲಿಗಳನ್ನು ಮೊದಲ ದಿನವೇ ಕಲಿಸಿದರೆ ನನ್ನ ಮೇಜಿನ ಹತ್ತಿರ ಬರುವವರಲ್ಲಿ ಅರ್ಧ ಜನ ಬರಬೇಕಾಗಿಯೇ ಇರಲಿಲ್ಲ. ಗೂಗಲ್ ಶೀಟ್ಸ್ ಬಳಸುವವರಾದರೆ ಚಾರ್ಟ್‌ನ ರೇಂಜ್ ಅನ್ನು ಮೊದಲೇ ಸಾವಿರ ಸಾಲಿನವರೆಗೆ ಕೊಟ್ಟುಬಿಡಬಹುದು. ಹೊಸ ಸಾಲು ತುಂಬಿದ ಹಾಗೆ ಚಾರ್ಟ್‌ನಲ್ಲಿ ಬರುತ್ತದೆ.

ರೇಂಜ್ ಸರಿ ಇದ್ದರೂ ಚಾರ್ಟ್ ಅಲುಗದೇ ಇದ್ದರೆ ನಾನು ನೋಡುವುದು ಲೆಕ್ಕದ ಮೋಡ್. ಚಾರ್ಟ್‌ನ ಅಂಕಿಗಳು ಸೂತ್ರದಿಂದ ಬರುತ್ತಿದ್ದರೆ, ಫಾರ್ಮುಲಾಸ್ ಅನ್ನುವಲ್ಲಿ ಕ್ಯಾಲ್ಕ್ಯುಲೇಷನ್ ಆಪ್ಷನ್ಸ್ ಒಳಗೆ ಆಟೊಮ್ಯಾಟಿಕ್ ಇದೆಯೇ ಮ್ಯಾನ್ಯುಯಲ್ ಇದೆಯೇ ನೋಡಿ. ಮ್ಯಾನ್ಯುಯಲ್ ಇದ್ದರೆ ಎಫ್9 ಒತ್ತುವವರೆಗೆ ಸೂತ್ರಗಳು ಹಳೇ ಉತ್ತರವನ್ನೇ ಹಿಡಿದುಕೊಂಡಿರುತ್ತವೆ. "ನಾನು ಅದನ್ನು ಮುಟ್ಟೇ ಇಲ್ಲ" ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಎಕ್ಸೆಲ್ ತೆರೆದಾಗ ಮೊದಲು ಯಾವ ಫೈಲ್ ತೆರೆಯುತ್ತೀರೋ ಅದರ ಮೋಡ್ ಆಮೇಲೆ ತೆರೆಯುವ ಫೈಲ್‌ಗಳಿಗೂ ಅಂಟಿಕೊಳ್ಳುತ್ತದೆ. ಯಾರೋ ದೊಡ್ಡ ಫೈಲ್ ನಿಧಾನ ಆಗುತ್ತದೆ ಅಂತ ಮ್ಯಾನ್ಯುಯಲ್ ಮಾಡಿ ನಿಮಗೆ ಕಳಿಸಿರುತ್ತಾರೆ. ಬೆಳಗ್ಗೆ ನೀವು ಅದನ್ನೇ ಮೊದಲು ತೆರೆದರೆ, ಆ ದಿನದ ನಿಮ್ಮ ಫೈಲ್‌ಗಳೆಲ್ಲ ಮ್ಯಾನ್ಯುಯಲ್. ಸೇವ್ ಮಾಡಿದರೆ ಅದೇ ಮೋಡ್ ಜೊತೆಗೆ ಸೇವ್ ಆಗುತ್ತದೆ. ನೆಗಡಿ ಹರಡಿದ ಹಾಗೆ ಒಂದರಿಂದ ಒಂದಕ್ಕೆ. ಸೇವ್ ಮಾಡಿದಾಗ ಮಾತ್ರ ಚಾರ್ಟ್ ಸರಿಹೋಗುತ್ತಿದೆ ಅಂತ ಯಾರಾದರೂ ಹೇಳಿದರೆ ನನಗೆ ಮೊದಲು ಅನುಮಾನ ಇದರ ಮೇಲೇ. ಸೇವ್‌ಗೆ ಮುಂಚೆ ಒಮ್ಮೆ ಲೆಕ್ಕ ಹಾಕುವ ಆಯ್ಕೆ ಸಾಮಾನ್ಯವಾಗಿ ಆನ್ ಇರುತ್ತದೆ, ಹಾಗಾಗಿ. ಎಕ್ಸೆಲ್ ಬದಲು ಕೆಲವರು ಬಳಸುವ ಲಿಬ್ರೆ ಆಫೀಸ್‌ನಲ್ಲೂ ಆಟೊ ಕ್ಯಾಲ್ಕ್ಯುಲೇಟ್ ಅನ್ನುವ ಆಯ್ಕೆ ಡೇಟಾ ಮೆನುವಿನಲ್ಲಿದೆ, ಅದೂ ಆನ್ ಇರಬೇಕು.

ಇನ್ನು ಅಂಕಿ ಅಂಕಿಯೇ ಅಲ್ಲದಿರುವ ಸಮಸ್ಯೆ. ಇದರ ಜೊತೆ ನಾನು ಕಳೆದ ಗಂಟೆಗಳನ್ನು ಲೆಕ್ಕ ಇಟ್ಟಿಲ್ಲ. ಬೇರೆ ತಂತ್ರಾಂಶದಿಂದಲೋ ಮೇಲ್‌ನಿಂದಲೋ ಕಾಪಿ ಮಾಡಿ ತಂದ ಅಂಕಿಗಳು ಎಷ್ಟೋ ಸಲ ಅಕ್ಷರಗಳ ರೂಪದಲ್ಲಿ ಬಂದು ಕೂರುತ್ತವೆ. ಕಣ್ಣಿಗೆ 4,250 ಅಂತಲೇ ಕಾಣುತ್ತದೆ. ಎಕ್ಸೆಲ್‌ಗೆ ಅದು ಒಂದು ಪದ. ಅಂಥದನ್ನು ಅದು ಚಾರ್ಟ್‌ನಲ್ಲಿ ಸೊನ್ನೆ ಅಂತ ಎಳೆಯುತ್ತದೆ. ಚೆನ್ನಾಗಿ ಹೋಗುತ್ತಿದ್ದ ಗೆರೆ ಕೊನೆಯಲ್ಲಿ ದಿಢೀರ್ ಅಂತ ನೆಲಕ್ಕೆ ಬಿದ್ದರೆ ಅಲ್ಲಿನ ಸೆಲ್‌ಗಳನ್ನು ನೋಡಿ. ಅಂಕಿ ಸೆಲ್‌ನ ಎಡಕ್ಕೆ ಅಂಟಿಕೊಂಡಿದೆಯಾ? ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನ ಇದೆಯಾ? ಹಾಗಿದ್ದರೆ ಅದೇ ಕಾರಣ. ಖಾತ್ರಿ ಬೇಕಿದ್ದರೆ ಪಕ್ಕದ ಖಾಲಿ ಸೆಲ್‌ನಲ್ಲಿ ಆ ಸಾಲುಗಳ ಮೊತ್ತ ಹಾಕಿ. ಸಮ್ ಸೂತ್ರ ಅಕ್ಷರರೂಪದ ಅಂಕಿಗಳನ್ನು ಬಿಟ್ಟುಬಿಡುತ್ತದೆ. ಮೊತ್ತ ಕಡಿಮೆ ಬಂದರೆ ಗುಟ್ಟು ಸಿಕ್ಕಿತು. ಆ ಸೆಲ್‌ಗಳನ್ನು ಆರಿಸಿದಾಗ ಪಕ್ಕದಲ್ಲಿ ಕಾಣುವ ಎಚ್ಚರಿಕೆ ಗುರುತನ್ನು ಒತ್ತಿ, ಕನ್ವರ್ಟ್ ಟು ನಂಬರ್ ಅಂದರೆ ಸರಿಯಾಗುತ್ತದೆ.

ಇದಕ್ಕೂ ಜಗ್ಗದ ಒಂದು ಜಾತಿ ಇದೆ. ವೆಬ್ ಪುಟದಿಂದ ತಂದ ಅಂಕಿಯ ಹಿಂದೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಅಂಟಿಕೊಂಡು ಬರುತ್ತದೆ. ಮಾಮೂಲಿ ಸ್ಪೇಸ್ ಅಲ್ಲ, ಕಂಪ್ಯೂಟರ್ ಅದನ್ನು ಗುರುತಿಸುವ ಸಂಖ್ಯೆ 160. ಟ್ರಿಮ್ ಸೂತ್ರ ಅದನ್ನು ಅಳಿಸುವುದಿಲ್ಲ. ಸಬ್‌ಸ್ಟಿಟ್ಯೂಟ್ ಸೂತ್ರದಲ್ಲಿ ಕ್ಯಾರ್ 160 ಕೊಟ್ಟು ತೆಗೆದು, ಆಮೇಲೆ ವ್ಯಾಲ್ಯೂ ಸೂತ್ರದಿಂದ ಅಂಕಿ ಮಾಡಬೇಕು. ಇದನ್ನು ನನಗೆ ಹೇಳಿಕೊಟ್ಟ ಹಿರಿಯ ಸಹೋದ್ಯೋಗಿಯನ್ನು ಇವತ್ತಿಗೂ ನೆನೆಯುತ್ತೇನೆ.

ತಾರೀಕಿನ ಕಥೆ ಇದಕ್ಕಿಂತ ಕೆಟ್ಟದು. ನಾವು ದಿನ ಮೊದಲು ಬರೆಯುತ್ತೇವೆ, ತಿಂಗಳು ಆಮೇಲೆ. ಕಂಪ್ಯೂಟರ್‌ನ ಸೆಟ್ಟಿಂಗ್ ಅಮೆರಿಕದ ರೀತಿಯಲ್ಲಿದ್ದರೆ ಅದು ತಿಂಗಳು ಮೊದಲು ಅಂದುಕೊಳ್ಳುತ್ತದೆ. ಆಗ 5-3 ಅಂತ ಬರೆದ ಮಾರ್ಚ್ 5 ಅದಕ್ಕೆ ಮೇ 3 ಆಗುತ್ತದೆ. ಹೀಗೆ 12ನೇ ತಾರೀಕಿನವರೆಗೆ ಎಲ್ಲವನ್ನೂ ಸದ್ದಿಲ್ಲದೆ ತಿರುಚಿ ನುಂಗುತ್ತದೆ. 13-3 ಬಂದಾಗ ಹದಿಮೂರನೇ ತಿಂಗಳು ಇಲ್ಲವಲ್ಲ, ಅದನ್ನು ಬರೀ ಅಕ್ಷರ ಅಂತ ಇಟ್ಟುಬಿಡುತ್ತದೆ. ಚಾರ್ಟ್‌ನಲ್ಲಿ ತಿಂಗಳ ಮೊದಲ ದಿನಗಳು ವರ್ಷದ ಉದ್ದಕ್ಕೂ ಚೆದುರಿಹೋಗುತ್ತವೆ. "12ರ ತನಕ ಏನೋ ಒಂಥರಾ, 13ರಿಂದ ಇನ್ನೊಂಥರಾ" ಅಂತ ಯಾರಾದರೂ ಹೇಳಿದರೆ ನಾನು ಚಾರ್ಟ್ ನೋಡುವುದೇ ಇಲ್ಲ, ನೇರವಾಗಿ ತಾರೀಕಿನ ಸೆಟ್ಟಿಂಗ್‌ಗೆ ಹೋಗುತ್ತೇನೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಫಿಲ್ಟರ್ ಹಾಕಿ ಮರೆಮಾಡಿದ ಸಾಲುಗಳನ್ನು ಎಕ್ಸೆಲ್ ಚಾರ್ಟ್ ಸಾಮಾನ್ಯವಾಗಿ ತೋರಿಸುವುದಿಲ್ಲ, ಫಿಲ್ಟರ್ ತೆಗೆದು ನೋಡಿ. ಅಕ್ಷದ ಗರಿಷ್ಠ ಮಿತಿಯನ್ನು ಯಾರೋ ಕೈಯಾರೆ 500 ಅಂತ ಹಾಕಿದ್ದರೆ 620 ಬಂದರೂ ಗೆರೆ 500ಕ್ಕೇ ತಲೆ ತಾಗಿಸುತ್ತದೆ, ಆಟೊ ಮಾಡಿ. ಪಿವಟ್ ಚಾರ್ಟ್ (ಅಂಕಿಗಳನ್ನು ಗುಂಪು ಮಾಡಿ ಸಾರಾಂಶ ತೋರಿಸುವ ಚಾರ್ಟ್) ಆದರೆ ಬಲ ಕ್ಲಿಕ್ ಮಾಡಿ ರಿಫ್ರೆಶ್ ಅನ್ನುವವರೆಗೂ ಅದಕ್ಕೆ ಹೊಸ ಅಂಕಿಯ ಅರಿವಿರುವುದಿಲ್ಲ. ಕಂಟ್ರೋಲ್, ಆಲ್ಟ್, ಎಫ್5 ಒಟ್ಟಿಗೆ ಒತ್ತಿದರೆ ಫೈಲ್‌ನಲ್ಲಿರುವ ಎಲ್ಲವೂ ರಿಫ್ರೆಶ್ ಆಗುತ್ತವೆ. ವರ್ಡ್ ಫೈಲ್‌ಗೆ ಚಾರ್ಟ್ ಅನ್ನು ಚಿತ್ರವಾಗಿ ಪೇಸ್ಟ್ ಮಾಡಿದ್ದರೆ ಅದು ಫೋಟೊ ಇದ್ದ ಹಾಗೆ. ಅದಕ್ಕೆ ಕಾಯಬೇಡಿ, ಹೊಸದಾಗಿ ಪೇಸ್ಟ್ ಮಾಡಿ.

ಒಂದು ಅಪಾಯವನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಮೇಲೆ ಹೇಳಿದ ಸೀರೀಸ್ ಸೂತ್ರದ ಒಳಗೆ ಕರ್ಸರ್ ಇಟ್ಟು ಎಫ್9 ಒತ್ತಿ ಎಂಟರ್ ಮಾಡಿದರೆ, ಸೆಲ್ ವಿಳಾಸದ ಜಾಗದಲ್ಲಿ ಆ ಕ್ಷಣದ ಅಂಕಿಗಳೇ ಬಂದು ಕೂರುತ್ತವೆ. ಅಲ್ಲಿಗೆ ಚಾರ್ಟ್‌ಗೂ ಶೀಟ್‌ಗೂ ಸಂಬಂಧ ಕಡಿದುಹೋಯಿತು. ಆಮೇಲೆ ನೀವು ಶೀಟ್‌ನಲ್ಲಿ ಏನೇ ಬದಲಿಸಿ, ಚಾರ್ಟ್ ಹಂದಾಡುವುದಿಲ್ಲ. ಲೆಕ್ಕ ಮತ್ತೆ ಹಾಕಲಿ ಅಂತ ಒತ್ತುವ ಕೀಲಿಯೇ ಜಾಗ ತಪ್ಪಿ ಒತ್ತಿದರೆ ಹೀಗೆ ಮಾಡುತ್ತದೆ. ಒಬ್ಬ ಹುಡುಗಿ ಎರಡು ದಿನ ಇದರ ಜೊತೆ ಒದ್ದಾಡಿ ಅಳುವ ಸ್ಥಿತಿಗೆ ಬಂದಿದ್ದಳು. ಗೆರೆಯ ಮೇಲೆ ಕ್ಲಿಕ್ ಮಾಡಿ ತೋರಿಸಿದೆ. ಫಾರ್ಮುಲಾ ಪಟ್ಟಿಯಲ್ಲಿ ಹೂವಿನ ಆವರಣದೊಳಗೆ ಬರೀ ಅಂಕಿಗಳ ಸಾಲು. ಸೆಲೆಕ್ಟ್ ಡೇಟಾಗೆ ಹೋಗಿ ರೇಂಜ್ ಮತ್ತೆ ಆರಿಸಿದೆವು, ಒಂದು ನಿಮಿಷದ ಕೆಲಸ.

ಇಷ್ಟೆಲ್ಲ ಬರೆಯಲು ಕಾರಣ ಇದೆ. ಈ ಎಲ್ಲ ತೊಂದರೆಗಳಲ್ಲಿ ಒಂದೇ ಒಂದರಲ್ಲೂ ಪರದೆಯ ಮೇಲೆ ಕೆಂಪು ಎಚ್ಚರಿಕೆ ಬರುವುದಿಲ್ಲ. ಚಾರ್ಟ್ ಖಾಲಿ ಇದ್ದರೆ ಯಾರಾದರೂ ಕೇಳುತ್ತಾರೆ. ಹಳೆಯದಾಗಿ ಚೆಂದವಾಗಿದ್ದರೆ ಯಾರೂ ಕೇಳುವುದಿಲ್ಲ. ದೊಡ್ಡ ಮಟ್ಟದಲ್ಲೂ ಹೀಗಾಗಿದೆ. ಇಂಗ್ಲೆಂಡ್‌ನಲ್ಲಿ 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಕೋವಿಡ್ ಪ್ರಕರಣಗಳು ದಿನದ ವರದಿಗಳಿಂದ ಬಿಟ್ಟುಹೋಗಿದ್ದವು. ಅಂಕಿಗಳನ್ನು ತುಂಬುತ್ತಿದ್ದದ್ದು ಹಳೇ ಮಾದರಿಯ ಎಕ್ಸೆಲ್ ಫೈಲ್‌ಗೆ. ಅದರಲ್ಲಿ ಒಂದು ಶೀಟ್‌ಗೆ 65,536 ಸಾಲು ಮಾತ್ರ ಹಿಡಿಸುತ್ತದೆ. ಹೊಸ ಮಾದರಿಯಲ್ಲಿ 10,48,576. ಸಾಲು ತುಂಬಿದ ಮೇಲೆ ಬಂದದ್ದು ಹೊರಗೇ ಉಳಿಯಿತು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು ಅಷ್ಟು ದಿನ ತಡವಾಯಿತು. ಅದು ಚಾರ್ಟ್‌ನ ತಪ್ಪಲ್ಲ, ನಿಜ. ಆದರೆ ಆ ದಿನಗಳ ಗೆರೆ ನೋಡಿದವರಿಗೆ ಅದು ಪೂರ್ತಿ ಅಂತಲೇ ಕಂಡಿತ್ತು. ನನ್ನ ಅಪ್ಪನ ಹಾಳೆ ಡಾಕ್ಟರ್‌ಗೆ ಕಂಡ ಹಾಗೆ.

ಈಗ ನಾನು ಮಾಡುವ ಪ್ರತಿ ಚಾರ್ಟ್‌ನ ತಲೆಬರಹದಲ್ಲೇ ತಾರೀಕು ಇರುತ್ತದೆ. ಹೇಗೆ ಅಂತ ಹೇಳುತ್ತೇನೆ, ಕಷ್ಟವೇನಿಲ್ಲ. ಒಂದು ಖಾಲಿ ಸೆಲ್‌ನಲ್ಲಿ ತಾರೀಕಿನ ಕಾಲಮ್‌ಗೆ ಮ್ಯಾಕ್ಸ್ ಸೂತ್ರ ಹಾಕಿ, ಟೆಕ್ಸ್ಟ್ ಸೂತ್ರದಿಂದ ಅದನ್ನು ಓದುವ ರೂಪಕ್ಕೆ ತಂದು, ಮುಂದೆ "ಕೊನೆಯ ದಾಖಲೆ" ಅಂತ ಸೇರಿಸುತ್ತೇನೆ. ಆಮೇಲೆ ಚಾರ್ಟ್‌ನ ತಲೆಬರಹ ಆರಿಸಿ, ಫಾರ್ಮುಲಾ ಪಟ್ಟಿಯಲ್ಲಿ ಸಮ ಚಿಹ್ನೆ ಒತ್ತಿ, ಆ ಸೆಲ್ ಮೇಲೆ ಕ್ಲಿಕ್ ಮಾಡಿ ಎಂಟರ್. ಇನ್ನು ತಲೆಬರಹ ತಾನೇ ಬದಲಾಗುತ್ತದೆ. ಇದು ಶೀಟ್‌ನ ಕೊನೆಯ ತಾರೀಕು, ಚಾರ್ಟ್‌ನದಲ್ಲ. ಅದೇ ಇದರ ಉಪಯೋಗ. ತಲೆಬರಹದಲ್ಲಿ ಒಂದು ತಾರೀಕು ಇದ್ದು, ಚಾರ್ಟ್‌ನ ಕೆಳಗಿನ ಅಕ್ಷದ ಕೊನೆಯ ತಾರೀಕು ಅದಕ್ಕಿಂತ ಹಿಂದಿನದಾಗಿದ್ದರೆ, ರೇಂಜ್ ಹಿಂದೆ ಉಳಿದಿದೆ. ಇವತ್ತು ಅಂಕಿ ತುಂಬಿದರೂ ತಲೆಬರಹವೇ ಮುಂದೆ ಹೋಗದಿದ್ದರೆ, ತಾರೀಕು ಅಕ್ಷರವಾಗಿ ಕೂತಿರಬಹುದು ಅಥವಾ ಲೆಕ್ಕ ಮ್ಯಾನ್ಯುಯಲ್‌ನಲ್ಲಿರಬಹುದು. ಒಂದೇ ಸಾಲು ಇಷ್ಟನ್ನೂ ಹಿಡಿದುಕೊಡುತ್ತದೆ. ಅಪ್ಪ ಈಗ ಪ್ರಿಂಟ್ ಕೈಗೆ ಬಂದ ಕೂಡಲೇ ಮೊದಲು ಆ ಸಾಲು ಓದಿ, ನೋಟ್‌ಬುಕ್‌ನ ಕೊನೆಯ ಪುಟದ ಜೊತೆ ಹೋಲಿಸುತ್ತಾರೆ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಎರಡು. ನಿಮ್ಮ ಪತ್ರಿಕೆಯಲ್ಲಿ ವಾರಕ್ಕೆ ಎಷ್ಟೋ ಚಾರ್ಟ್‌ಗಳು ಬರುತ್ತವೆ. ನಾನು ಒಂದನ್ನೂ ಬಿಡದೆ ನೋಡುತ್ತೇನೆ. ಪ್ರತಿಯೊಂದರ ಕೆಳಗೆ ಅಂಕಿ ಯಾವ ತಾರೀಕಿನವರೆಗಿನದು ಅಂತ ಒಂದು ಸಾಲು ಹಾಕಿ. ಎಲ್ಲಿಂದ ತಂದದ್ದು ಅಂತ ಹಾಕುತ್ತೀರಿ, ಯಾವಾಗಿನದು ಅಂತ ಕೆಲವು ಸಲ ಇರುವುದಿಲ್ಲ. ಇನ್ನೊಂದು, ಕಂಪ್ಯೂಟರ್ ಅಂಕಣದಲ್ಲಿ ಇಂಥ ಪ್ರಶ್ನೆ ಬಂದಾಗ ಸ್ವಲ್ಪ ಜಾಸ್ತಿ ಜಾಗ ಕೊಡಿ. ಕೇಳಿದವರು ಸುಮ್ನೆ ಕೇಳಿರುವುದಿಲ್ಲ. ಆ ಚಾರ್ಟ್ ನೋಡಿ ಯಾರೋ ಏನೋ ಒಂದು ತೀರ್ಮಾನ ಮಾಡುವವರಿರುತ್ತಾರೆ.

ಪ್ರಶ್ನೆ ಕೇಳಿದ ಆ ಓದುಗರು ಇದನ್ನು ಓದುತ್ತಿದ್ದರೆ, ರೀಸ್ಟಾರ್ಟ್ ಆಮೇಲೆ ಇರಲಿ. ಚಾರ್ಟ್ ಮೇಲೆ ಒಂದು ಕ್ಲಿಕ್ ಮಾಡಿ. ಶೀಟ್ ಕಡೆ ತಿರುಗಿ, ನೀಲಿ ಗೆರೆ ಯಾವ ಸಾಲಿಗೆ ನಿಂತಿದೆ ನೋಡಿ. ನಿಮ್ಮ ಕೊನೆಯ ಅಂಕಿ ಅದರ ಒಳಗಿದೆಯಾ?

ಇಂತಿ,
ನಿಮ್ಮ ಓದುಗರಲ್ಲೊಬ್ಬಳು